ಬಿಸಿಲಿಗೆ ಸಾಯದ ವೈರಸ್, ಸಾಯದ ನಂಬಿಕೆ

‘ನಮ್ಮ ಬಿಸಿಲಿಗೆ ಕೊರೊನಾ ಗಿರೊನಾ ನಿಲ್ಲಲ್ಲ ಬಿಡ್ರಿ’ ಎಂಬ ಮಾತನ್ನು 2020ರ ಮಾರ್ಚ್‌ನಲ್ಲಿ ಕೇಳದವರು ಯಾರು? ದೇಶದ ಮೊದಲ ಕೋವಿಡ್ ಸಾವು ಅದೇ ತಿಂಗಳು ದಾಖಲಾಯಿತು. ಊರು ಶಿಮ್ಲಾ ಅಲ್ಲ, ಮಡಿಕೇರಿಯೂ ಅಲ್ಲ, ಬಿಸಿಲಿಗೇ ಹೆಸರಾದ ಕಲಬುರಗಿ. ಅಷ್ಟಾದರೂ ಮಾತು ನಿಲ್ಲಲಿಲ್ಲ. ಸಮಭಾಜಕ ವೃತ್ತದ ಹತ್ತಿರವೇ ಇರುವ, ಸದಾ ಸೆಕೆಯಲ್ಲಿ ಬೇಯುವ ಈಕ್ವೆಡಾರ್‌ನ ಗ್ವಾಯಾಕಿಲ್‌ನಲ್ಲಿ ಏಪ್ರಿಲ್ ಹೊತ್ತಿಗೆ ಹೆಣ ಎತ್ತುವವರಿಲ್ಲದೆ ಬೀದಿಯಲ್ಲಿ ಬಿದ್ದಿದ್ದವು. ಆ ಸುದ್ದಿ ನೋಡಿದವರೇ ‘ನಮ್ಮ ಬಿಸಿಲು ಬೇರೆ’ ಎಂದರು.

ಬಿಸಿಲಿನ ನೇರಳಾತೀತ ಕಿರಣ ಬಯಲಲ್ಲಿ ಬಿದ್ದ ವೈರಸ್ಸನ್ನು ಬೇಗ ಕೆಡಿಸುತ್ತದೆ, ನಿಜ. ಆದರೆ ಅದು ಬೆಳೆಯುವುದು ಬಯಲಲ್ಲಲ್ಲ, ನಮ್ಮ ಮೂಗು ಗಂಟಲಿನಲ್ಲಿ. ಹೊರಗೆ 18 ಡಿಗ್ರಿ ಇರಲಿ, 43 ಇರಲಿ, ಮೈಯೊಳಗೆ 37ರ ಆಸುಪಾಸು. ಅಲ್ಲಿಂದ ಅದು ಉಸಿರಿನ ಜೊತೆ ಹೊರಬಿದ್ದು, ಗಾಳಿಯಾಡದ ಕೋಣೆಯಲ್ಲಿ ತೇಲುತ್ತಾ ಪಕ್ಕದವರನ್ನು ಸೇರುತ್ತದೆ. ಬೇಸಿಗೆಯ ಮಧ್ಯಾಹ್ನ ನಾವಾದರೂ ಎಲ್ಲಿರುತ್ತೇವೆ? ಬಾಗಿಲು ಹಾಕಿಕೊಂಡು ಕೂಲರ್ ಮುಂದೆ.

ಹಾಗಾದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆದದ್ದೇಕೆ? 2020ರ ಜುಲೈನಲ್ಲಿ ಮುಂಬೈನ ಮಾಟುಂಗ, ಚೆಂಬೂರು, ದಹಿಸರ್ ಭಾಗದ ಮೂರು ವಾರ್ಡುಗಳಲ್ಲಿ ಜನರ ರಕ್ತ ಪರೀಕ್ಷಿಸಿದರು. ಕೊಳೆಗೇರಿಯವರಲ್ಲಿ ಶೇ 57 ಮಂದಿಗೆ ಆಗಲೇ ಸೋಂಕು ತಗುಲಿ ಹೋಗಿತ್ತು. ಅದೇ ವಾರ್ಡುಗಳ ಉಳಿದ ಮನೆಗಳಲ್ಲಿ ಶೇ 16. ಎರಡೂ ಕಡೆ ಒಂದೇ ಬಿಸಿಲು, ಒಂದೇ ಸೆಕೆ, ಒಂದೇ ಮಳೆ. ಬೇರೆ ಇದ್ದದ್ದು ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಒಂದು ಶೌಚಾಲಯದ ಮುಂದೆ ಎಷ್ಟು ಜನ ಸಾಲು ನಿಲ್ಲುತ್ತಾರೆ ಎಂಬುದು. 1918ರ ಫ್ಲೂ ಕಾಲದಲ್ಲೂ ಅದೇ ಊರಲ್ಲಿ ಇದೇ ಕಥೆ: ಕೆಳಜಾತಿಯೆಂದು ದಾಖಲಾದವರಲ್ಲಿ ಸಾವಿರಕ್ಕೆ ಸುಮಾರು 61 ಸಾವು, ಯುರೋಪಿಯನ್ನರಲ್ಲಿ 8.

ಇದನ್ನು ಹೇಳಿದರೆ ಕೇಳುವವರಿಗೆ ಬೇಸರ. ಬಿಸಿಲಾದರೆ ಬಿಟ್ಟಿ, ಕಿಟಕಿ, ನೀರು, ಸಂಬಳ ಕಡಿತವಿಲ್ಲದ ರಜೆಗೆಲ್ಲ ದುಡ್ಡು ಬೇಕಲ್ಲ!

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಲಾರೆ. ‘ಹಳ್ಳಿಯವರಿಗೆ ಬರಲ್ಲ’ ಎಂದವರು ಪರೀಕ್ಷೆಯೇ ಮಾಡದ ಕಡೆ ಕೇಸು ಎಲ್ಲಿಂದ ಲೆಕ್ಕಕ್ಕೆ ಬರಬೇಕು ಎಂದು ಕೇಳಿಕೊಳ್ಳಲಿಲ್ಲ. 5ಜಿ ಟವರಿನಿಂದ ಹರಡುತ್ತದೆ ಎಂದವರ ಜೊತೆ ವಾದಿಸುವ ತಾಳ್ಮೆ ನನಗಿಲ್ಲ. ಜನತಾ ಕರ್ಫ್ಯೂ 14 ಗಂಟೆ, ವೈರಸ್ಸಿನ ಆಯಸ್ಸು 12 ಗಂಟೆ, ಆದ್ದರಿಂದ ರಾತ್ರಿ ಒಂಬತ್ತಕ್ಕೆ ಎಲ್ಲ ಖಲಾಸ್ ಎಂಬ ವಾಟ್ಸ್ಆ್ಯಪ್ ಲೆಕ್ಕವನ್ನು ಮಾತ್ರ ಮರೆಯಲಾಗದು. ಗಣಿತ ಓದಿದವರೂ ಅದನ್ನು ಮುಂದಕ್ಕೆ ಕಳಿಸಿದ್ದರು.

ತಮಾಷೆಯೆಂದರೆ, ಆಮೇಲೆ ಹವಾಮಾನವೇ ಬಿಸಿಲನ್ನು ನಂಬಿದವರ ಮಾತನ್ನು ಸುಳ್ಳು ಮಾಡಿತು. ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಲಕ್ಷದ ಹತ್ತಿರ ಹೋಗಿದ್ದ ಹೊಸ ಪ್ರಕರಣಗಳು ಚಳಿಗಾಲದಲ್ಲಿ ಇಳಿಯುತ್ತಾ ಬಂದವು. ಹೋಯಿತೆಂದು ಮದುವೆ, ಜಾತ್ರೆ, ಕುಂಭಮೇಳ ಎಲ್ಲ ಶುರು. ಜೊತೆಗೆ ಬೇಗ ಹರಡುವ ಡೆಲ್ಟಾ ತಳಿ. 2021ರ ಏಪ್ರಿಲ್ 17ರಂದು ಬೆಳಗಾವಿ, ಬಸವಕಲ್ಯಾಣ, ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ಅದಾಗಿ ಎರಡು ವಾರಕ್ಕೆ, ವರ್ಷದ ಅತಿ ಸುಡುವ ದಿನಗಳಲ್ಲೇ, ದೇಶದ ದಿನದ ಲೆಕ್ಕ ನಾಲ್ಕು ಲಕ್ಷ ದಾಟಿತು.