ಸಿಡಿಲಿನಂಥ ತಲೆನೋವೇ? ತಡ ಮಾಡಬೇಡಿ

ತಲೆನೋವು ಯಾರಿಗೆ ತಾನೇ ಬರೋದಿಲ್ಲ? ನಿದ್ದೆ ಕೆಟ್ಟರೆ, ಊಟ ತಡವಾದರೆ ತಲೆ ಸಿಡಿಯುತ್ತದೆ. ‘ಪಿತ್ತ ಇರಬೇಕು’ ಅಂದುಕೊಂಡು ಬಾಮ್ ಹಚ್ಚಿ, ಮತ್ತೆ ಒಲೆ ಮುಂದೆ ನಿಲ್ಲುತ್ತೀರಿ. ಸಾಮಾನ್ಯವಾಗಿ ಅಷ್ಟೇ ಸಾಕು. ಆದರೆ ಒಂದು ಬಗೆಯ ತಲೆನೋವಿಗೆ ಈ ಉದಾಸೀನ ಸಲ್ಲದು.

ಚೆನ್ನಾಗಿದ್ದವರಿಗೆ ಇದ್ದಕ್ಕಿದ್ದಂತೆ ತಲೆಗೆ ಯಾರೋ ಹೊಡೆದ ಹಾಗೆ ನೋವು ಶುರುವಾಗಿ, ಒಂದೇ ನಿಮಿಷದೊಳಗೆ ವಿಪರೀತಕ್ಕೆ ಹೋಗುತ್ತದೆ. ಮೈಗ್ರೇನ್ ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ. ವ್ಯತ್ಯಾಸ ಇರೋದು ಈ ವೇಗದಲ್ಲಿ.

ಏನಾಗಿರಬಹುದು?

ವೈದ್ಯರು ಮೊದಲು ನೋಡುವುದು, ಮಿದುಳಿನ ರಕ್ತನಾಳದಲ್ಲಿ ಬಲೂನಿನಂತೆ ಉಬ್ಬಿದ ಜಾಗ ಒಡೆದು ರಕ್ತ ಸೋರಿದೆಯೇ ಎಂದು. ನೋವು ಶುರುವಾದ 6 ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಬಹುತೇಕ ಪತ್ತೆಯಾಗುತ್ತದೆ. ತಡವಾದರೆ ಕಾಣದೇ ಹೋಗಬಹುದು. ಆಗ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಎರಡನೆಯದು, ಮಿದುಳಿನಿಂದ ರಕ್ತವನ್ನು ವಾಪಸ್ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಬಾಣಂತಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇದರ ಅಪಾಯ ಹೆಚ್ಚು. ‘ಬಾಣಂತಿಗೆ ಜಾಸ್ತಿ ನೀರು ಕೊಡಬೇಡಿ’ ಅನ್ನುವ ಅಜ್ಜಿಯರ ಮಾತು ಇಲ್ಲಿ ಅಪಾಯಕಾರಿ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಸಾಮಾನ್ಯ ಸಿ.ಟಿ.ಯಲ್ಲಿ ಇದು ತಪ್ಪಿಹೋಗಬಹುದು. ‘ಎಂ.ಆರ್. ವೆನೋಗ್ರಾಂ’ ಬೇಕಾಗುತ್ತದೆ.

ಮೂರನೆಯದು ‘ಆರ್‌ಸಿವಿಎಸ್’. ಮಿದುಳಿನ ರಕ್ತನಾಳಗಳು ಕೆಲಕಾಲ ಅಲ್ಲಲ್ಲಿ ಬಿಗಿದುಕೊಳ್ಳುತ್ತವೆ. ಇದು ಹೆಂಗಸರಲ್ಲೇ ಹೆಚ್ಚು. ಸಿಡಿಲಿನಂಥ ನೋವು ಒಂದೆರಡು ವಾರ ಮತ್ತೆ ಮತ್ತೆ ಬಂದರೆ ಇದರ ಅನುಮಾನ ಬಲವಾಗುತ್ತದೆ. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ಔಷಧಿ, ಖಿನ್ನತೆಯ ಕೆಲವು ಮಾತ್ರೆ, ಹೆರಿಗೆ ಇದಕ್ಕೆ ಕಾರಣವಾಗಬಹುದು. ಮೊದಲ ವಾರದ ಆಂಜಿಯೋಗ್ರಾಂ ಸರಿಯಾಗಿಯೇ ಕಾಣಬಹುದು. ಮತ್ತೊಮ್ಮೆ ಮಾಡಿಸಬೇಕೆಂದರೆ ಬೇಸರಪಡಬೇಡಿ. ಸಾಮಾನ್ಯವಾಗಿ 3 ತಿಂಗಳೊಳಗೆ ನಾಳಗಳು ಮೊದಲಿನಂತಾಗುತ್ತವೆ.

ಇವು ನೆನಪಿರಲಿ

* ನೋವು ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಬೇಗ ಏರಿತು ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ. ಬರೀ ‘ತಲೆನೋವು’ ಅಂದರೆ ಸಾಲದು.

* ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಕೈಯಲ್ಲಿ ಹಿಡಿದೇ ಹೋಗಿ. ಇತ್ತೀಚೆಗೆ ಹೆರಿಗೆಯಾಗಿದ್ದರೆ ತಿಳಿಸಿ.

* ಪರೀಕ್ಷೆಗೆ ಮುಂಚೆ ಆಸ್ಪಿರಿನ್ ನುಂಗಬೇಡಿ.

* ವಾಂತಿ, ಕತ್ತು ಬಿಗಿತ, ಫಿಟ್ಸ್, ಮಾತು ತೊದಲುವುದು, ಎಚ್ಚರ ತಪ್ಪುವುದು ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ.

* ನೋವು ತಾನಾಗಿ ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು.

‘ಮಕ್ಕಳು ಸ್ಕೂಲಿಂದ ಬರಲಿ, ಆಮೇಲೆ ನೋಡೋಣ’ ಅನ್ನೋದು ನಮ್ಮೆಲ್ಲರ ಅಭ್ಯಾಸ. ಈ ಒಂದು ನೋವಿನ ವಿಷಯದಲ್ಲಿ ಮಾತ್ರ ಒಲೆ ಆರಿಸಿ, ಪಕ್ಕದ ಮನೆಯವರನ್ನು ಕೂಗಿ, ತಕ್ಷಣ ಹೊರಡಿ.