ಹೊರನಾಡಿನಲ್ಲಿ ಗದಗಿನ ಎಡಗೈ

ಅಣ್ಣಿಗೇರಿ ಕಡೆಯ ಶಲವಡಿಯಂಥ ಎರೆಭೂಮಿಯ ಊರುಗಳಲ್ಲಿ ಕಡಲೆ, ಕುಸುಬಿ ಒಕ್ಕಿ ಮುಗಿದ ಮೇಲೆ ಖಾಲಿಯಾದ ಹೊಲವೇ ಹುಡುಗರ ಕ್ರಿಕೆಟ್ ಮೈದಾನ. ಅದರಾಚೆಗೆ ಆಟ ಕಲಿಯಬೇಕೆಂದರೆ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಇಂದು ಹೇಗೋ, ನಲವತ್ತು ವರ್ಷದ ಹಿಂದೆಯೂ ಹಾಗೆಯೇ. ಗದಗಿನ ಒಬ್ಬ ಹುಡುಗ ಬೆಳಗಾಗುವ ಮೊದಲೇ ಎದ್ದು, ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಮರಳಿ ಶಾಲೆಗೆ ಹೋಗುತ್ತಿದ್ದ. ರಸ್ತೆ ಹಿಡಿದರೂ ರೈಲು ಹಿಡಿದರೂ ಆ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ. ಹುಡುಗನ ಹೆಸರು ಸುನಿಲ್ ಜೋಶಿ.

1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ ಭಾರತಕ್ಕಾಗಿ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು ಎಂಬುದು ದಾಖಲೆ ಪುಸ್ತಕದ ಮಾತು. ಜನ ಅವರನ್ನು ನೆನೆಯುವುದೂ ಸಾಮಾನ್ಯವಾಗಿ ಅಷ್ಟಕ್ಕೇ. ಆದರೆ ಅವರ ಬದುಕಿನ ಇನ್ನೊಂದು ಭಾಗ ಅಷ್ಟೇ ದೊಡ್ಡದು: ಕಲಿತ ವಿದ್ಯೆಯನ್ನು ಬೇರೆ ಬೇರೆ ದೇಶಗಳಿಗೆ ಒಯ್ದು, ಅದರಿಂದಲೇ ದುಡಿಮೆಯನ್ನೂ ಮರ್ಯಾದೆಯನ್ನೂ ಗಳಿಸಿದ್ದು.

ಮೊದಲು ನೈರೋಬಿಯ ಕಥೆ ಹೇಳಲೇಬೇಕು. 1999ರ ಸೆಪ್ಟೆಂಬರ್ 26, ಎಲ್‌ಜಿ ಕಪ್, ಎದುರಾಳಿ ದಕ್ಷಿಣ ಆಫ್ರಿಕ. ಆಗಿನ ಕಾಲಕ್ಕೆ ಅದು ಜಗತ್ತಿನ ಅತಿ ಗಟ್ಟಿ ತಂಡಗಳಲ್ಲಿ ಒಂದು. ಜೋಶಿ ಆ ದಿನ ಎಸೆದದ್ದು ಹತ್ತು ಓವರ್. ಅದರಲ್ಲಿ ಆರು ಮೇಡನ್. ಕೊಟ್ಟದ್ದು ಬರೀ ಆರು ರನ್, ಪಡೆದದ್ದು ಐದು ವಿಕೆಟ್. ಗಿಬ್ಸ್, ಕ್ರೋನ್ಯೆ, ರೋಡ್ಸ್, ಪೊಲಾಕ್ ಎಲ್ಲರೂ ಅವರ ಬಲೆಗೆ ಬಿದ್ದರು. ದಕ್ಷಿಣ ಆಫ್ರಿಕ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಅರವತ್ತು ಎಸೆತಗಳಲ್ಲಿ ಆರೇ ರನ್ ಎಂದರೆ ಬ್ಯಾಟ್ಸ್‌ಮನ್ ಪ್ರತಿ ಎಸೆತಕ್ಕೂ ತಲೆ ಕೆಡಿಸಿಕೊಂಡಿರಬೇಕು. ಚೆಂಡು ತಿರುಗುತ್ತದೋ, ತೋಳಿನ ಜತೆ ನೇರ ಒಳಗೆ ನುಗ್ಗುತ್ತದೋ ಎಂಬ ಅನುಮಾನವೇ ಎಡಗೈ ಸ್ಪಿನ್ನರನ ಬಂಡವಾಳ.

ಮರುವರ್ಷ, 2000ದ ನವೆಂಬರ್‌ನಲ್ಲಿ ಬಾಂಗ್ಲಾದೇಶ ತನ್ನ ಇತಿಹಾಸದ ಮೊದಲ ಟೆಸ್ಟ್ ಆಡಿತು. ಢಾಕಾದಲ್ಲಿ ಅಮಿನುಲ್ ಇಸ್ಲಾಂ 145 ಹೊಡೆದು ಊರಿಗೆ ಊರನ್ನೇ ಕುಣಿಸಿದರು, ತಂಡ 400 ಗಳಿಸಿತು. ಆ ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದವರು ಜೋಶಿ. ಆಮೇಲೆ ಬ್ಯಾಟ್ ಹಿಡಿದು 92 ರನ್ ಮಾಡಿದರು, ಎರಡನೆಯ ಇನಿಂಗ್ಸ್‌ನಲ್ಲಿ ಮತ್ತೆ ಮೂರು ವಿಕೆಟ್ ಕಿತ್ತರು. ಪಂದ್ಯಶ್ರೇಷ್ಠ ಪ್ರಶಸ್ತಿ ಬೇರೆ ಯಾರಿಗೂ ಹೋಗುವಂತಿರಲಿಲ್ಲ.

ಆ ಬಾಂಗ್ಲಾದೇಶವೇ ಹದಿನೇಳು ವರ್ಷದ ನಂತರ, 2017ರಲ್ಲಿ, ತನ್ನ ಸ್ಪಿನ್ನರ್‌ಗಳಿಗೆ ಪಾಠ ಹೇಳಲು ಜೋಶಿಯವರನ್ನು ಕರೆಯಿತು. ತಮ್ಮ ಮೊದಲ ಟೆಸ್ಟನ್ನು ಕಸಿದುಕೊಂಡವನನ್ನೇ ಗುರುವಾಗಿ ಬರಮಾಡಿಕೊಂಡ ಆ ದೇಶದ ದೊಡ್ಡತನವನ್ನೂ ಮೆಚ್ಚಬೇಕು. ಅವರು ಸೇರಿದ ಹೊಸತರಲ್ಲೇ ಮೀರ್‌ಪುರದಲ್ಲಿ ಆಸ್ಟ್ರೇಲಿಯ 20 ರನ್‌ಗಳಿಂದ ಸೋತಿತು, ಬಾಂಗ್ಲಾ ಸ್ಪಿನ್ನರ್ ಶಕೀಬ್ ಹತ್ತು ವಿಕೆಟ್ ಪಡೆದರು. ಮುಂದಿನ ವರ್ಷ ವೆಸ್ಟ್ ಇಂಡೀಸ್ ಬಂದಾಗ ನಡೆದದ್ದು ಇನ್ನೂ ಸೋಜಿಗ. ಎರಡು ಟೆಸ್ಟ್‌ಗಳಲ್ಲಿ ಬಿದ್ದ ಆ ತಂಡದ ನಲವತ್ತಕ್ಕೆ ನಲವತ್ತೂ ವಿಕೆಟ್ ಸ್ಪಿನ್ನರ್‌ಗಳ ಪಾಲಾದವು. ಎರಡನೆಯ ಟೆಸ್ಟ್‌ನಲ್ಲಂತೂ ಬಾಂಗ್ಲಾ ತಂಡ ಪರಿಣತ ವೇಗದ ಬೌಲರನೊಬ್ಬನನ್ನೂ ಆಡಿಸಲಿಲ್ಲ. ಮೆಹದಿ ಹಸನ್ 12 ವಿಕೆಟ್ ಕಿತ್ತರು, ತಂಡ ಮೊದಲ ಬಾರಿಗೆ ಇನಿಂಗ್ಸ್ ಅಂತರದ ಗೆಲುವು ಕಂಡಿತು. ಗೆದ್ದವರು ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಟ್ಸ್‌ನಲ್ಲಿ ದಿನವೂ ನಿಂತು ಬೆರಳಿನ ಹಿಡಿತ, ಎಸೆತದ ವೇಗ, ಕ್ರೀಸಿನ ಕೋನ ತಿದ್ದುವವನ ದುಡಿಮೆ ಸ್ಕೋರ್ ಹಾಳೆಯಲ್ಲಿ ಕಾಣುವುದಿಲ್ಲ.

ಇದಕ್ಕೂ ಮುಂಚೆ ಅವರು ಒಮಾನ್ ತಂಡದ ಜತೆಗಿದ್ದರು. ಆ ತಂಡ 2016ರ ಟಿ20 ವಿಶ್ವಕಪ್‌ನಲ್ಲಿ ಧರ್ಮಶಾಲಾದಲ್ಲಿ ಐರ್ಲೆಂಡನ್ನು ಸೋಲಿಸಿ ಬೆರಗು ಹುಟ್ಟಿಸಿತು. ಬಾಂಗ್ಲಾದ ಕೆಲಸ ಮುಗಿದ ಮೇಲೆ ಅಮೆರಿಕ ತಂಡಕ್ಕೂ ಸ್ಪಿನ್ ಹೇಳಿಕೊಟ್ಟರು. 2020ರ ಮಾರ್ಚ್‌ನಲ್ಲಿ ಭಾರತದ ಮುಖ್ಯ ಆಯ್ಕೆಗಾರನ ಹೊಣೆ ಅವರ ಹೆಗಲೇರಿತು.

ಹೊರದೇಶದಲ್ಲಿ ಆಡಿ ಗಳಿಸುವ ದಾರಿ ಎಲ್ಲರಿಗೂ ಇಷ್ಟು ಸಲೀಸಲ್ಲ. ಕ್ಯೂಬಾ ಎಂಬ ದ್ವೀಪದಲ್ಲಿ ಬೇಸ್‌ಬಾಲ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದಂತೆ. ಕ್ರಾಂತಿಯ ನಂತರ, 1960ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಹಣಕ್ಕಾಗಿ ಆಡುವುದನ್ನೇ ನಿಷೇಧಿಸಿತು. ಅಮೆರಿಕ ನೂರೈವತ್ತು ಕಿಲೋಮೀಟರ್ ಕೂಡ ದೂರವಿಲ್ಲ, ಅಲ್ಲಿ ಕೋಟಿಗಟ್ಟಲೆ ದುಡ್ಡು. ಆದರೆ ಹೋಗಬೇಕಾದರೆ ಊರು, ಮನೆಮಂದಿ ಎಲ್ಲವನ್ನೂ ಬಿಟ್ಟು ಓಡಿಹೋಗಬೇಕು. ಒರ್ಲಾಂಡೊ ಹೆರ್ನಾಂಡೆಸ್ 1997ರ ಡಿಸೆಂಬರ್‌ನಲ್ಲಿ ದೋಣಿ ಹತ್ತಿ ತಪ್ಪಿಸಿಕೊಂಡರು, ಮುಂದಿನ ವರ್ಷವೇ ನ್ಯೂಯಾರ್ಕ್ ಯಾಂಕೀಸ್ ತಂಡದೊಂದಿಗೆ ವರ್ಲ್ಡ್ ಸೀರೀಸ್ ಗೆದ್ದರು. ಅರೋಲ್ಡಿಸ್ ಚಾಪ್ಮನ್ 2009ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ತಂಡ ಇಳಿದಿದ್ದ ಹೋಟೆಲಿನಿಂದ ಹೊರನಡೆದವರು ಹಿಂತಿರುಗಲೇ ಇಲ್ಲ. 2013ರಲ್ಲಿ ಕ್ಯೂಬಾ ನಿಯಮ ಸಡಿಲಿಸಿದ ಮೇಲೆ ಜಪಾನಿನ ಲೀಗ್‌ಗಳಿಗೆ ಒಪ್ಪಿಗೆ ಪಡೆದು ಹೋಗುವವರು ಹೆಚ್ಚಿದರು. ಅಮೆರಿಕದ ಜತೆ 2018ರಲ್ಲಿ ಆಗಿದ್ದ ಒಪ್ಪಂದವನ್ನು ಮಾತ್ರ ಟ್ರಂಪ್ ಸರ್ಕಾರ ಮರುವರ್ಷವೇ ರದ್ದುಮಾಡಿತು.

ನಮ್ಮಲ್ಲಿಯೂ ಕಟ್ಟುಪಾಡು ಇಲ್ಲದಿಲ್ಲ. ಭಾರತದಲ್ಲಿ ಆಡುತ್ತಿರುವ ಪುರುಷ ಆಟಗಾರರಿಗೆ ಹೊರಗಿನ ಟಿ20 ಲೀಗ್‌ಗಳಲ್ಲಿ ಆಡಲು ಬಿಸಿಸಿಐ ಬಿಡುವುದಿಲ್ಲ. ಕೊಡಗಿನ ರಾಬಿನ್ ಉತ್ತಪ್ಪ 2022ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದ ಮೇಲೆಯೇ ದುಬೈ ಕ್ಯಾಪಿಟಲ್ಸ್ ಪರ ಕಣಕ್ಕಿಳಿಯಲು ಸಾಧ್ಯವಾಯಿತು. ಇಂಗ್ಲೆಂಡಿನ ಕೌಂಟಿಗೆ ಹೋಗಲು ಈ ಅಡ್ಡಿ ಇರಲಿಲ್ಲ. 1995ರ ಬೇಸಿಗೆಯನ್ನು ಕನ್ನಡಿಗರು ಮರೆಯಬಾರದು: ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಪರ 105 ವಿಕೆಟ್, ಮೈಸೂರಿನ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್ ಪರ 87 ವಿಕೆಟ್. ಒಂದೇ ರಾಜ್ಯದ ಇಬ್ಬರು, ಒಂದೇ ಋತುವಿನಲ್ಲಿ, ಎರಡು ಕೌಂಟಿಗಳ ಬೌಲಿಂಗ್ ಭಾರ ಹೊತ್ತಿದ್ದರು.

ಈಗಿನ ಹೊಸ ದಾರಿ ಅಮೆರಿಕದ್ದು. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ನಾಸ್ತುಷ್ ಕೆಂಜಿಗೆ ಹುಟ್ಟಿದ್ದು ಅಲಬಾಮಾದಲ್ಲಿ, ಬೆಳೆದದ್ದು ಭಾರತದಲ್ಲಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ, ಅಲ್ಲಿ ಮತ್ತೆ ಚೆಂಡು ಹಿಡಿದರು. ಅವರದೂ ಎಡಗೈ ಸ್ಪಿನ್. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿದಾಗ 30 ರನ್‌ಗೆ ಮೂರು ವಿಕೆಟ್ ಪಡೆದವರು ಇವರೇ.

ಜೋಶಿಯವರ ಹಾದಿ ನೋಡಿದರೆ, ಕಷ್ಟದ ಗಾವುದ ಇದ್ದದ್ದು ಹೊರದೇಶದಲ್ಲಲ್ಲ, ಮನೆಯಿಂದ ಮೊದಲ ಒಳ್ಳೆಯ ಪಿಚ್‌ವರೆಗಿನ ದೂರದಲ್ಲಿ ಎನಿಸುತ್ತದೆ. ಅವರು ಆ ದೂರ ದಾಟಿದ್ದು ಬೆಳಗಿನ ಜಾವದ ಆ ಓಡಾಟದಿಂದ. ಇಂದು ಹುಬ್ಬಳ್ಳಿಯ ರಾಜನಗರದಲ್ಲಿ ರಣಜಿ ಪಂದ್ಯ ನಡೆಯುವಂಥ ಮೈದಾನವಿದೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯ ಹುಡುಗರಿಗಾಗಿ ವಯೋಮಿತಿಯ ತಂಡಗಳನ್ನು ಆರಿಸುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಶಾಲೆಗಳ ದೈಹಿಕ ಶಿಕ್ಷಕರು ಆ ಆಯ್ಕೆಯ ದಿನಾಂಕ ತಿಳಿದುಕೊಂಡು, ಹೊಲದಲ್ಲಿ ಚೆಂಡು ತಿರುಗಿಸುವ ಒಬ್ಬಿಬ್ಬರನ್ನಾದರೂ ಕರೆದುಕೊಂಡು ಹೋಗಲಿ. ಬಸ್ಸಿನ ಖರ್ಚನ್ನು ಊರಿನವರು ನೋಡಿಕೊಳ್ಳಲಿ.