ಯಮುನೆಯ ಎರಡು ದಡ, ಅರ್ಧ ದಿವಸ

ಆಗ್ರಾದ ಮೊಗಲ್ ಸ್ಮಾರಕಗಳನ್ನು ಅರ್ಧ ದಿವಸದಲ್ಲಿ ನೋಡಿ ಮುಗಿಸುವುದು ಅವುಗಳಿಗೆ ಎಸಗುವ ಅಪಚಾರವೆಂದು ಬಲ್ಲವರು ಹೇಳುವುದುಂಟು. ಆದರೆ ದೆಹಲಿಯಲ್ಲಿ ನೆಂಟರ ಮದುವೆಯನ್ನೋ ಕಚೇರಿಯ ಕೆಲಸವನ್ನೋ ಮುಗಿಸಿ, ಊರಿಗೆ ಮರಳುವ ರೈಲಿಗೆ ಟಿಕೆಟ್ಟು ಕಾದಿರಿಸಿಕೊಂಡು ಬಂದ ಗೃಹಸ್ಥನಿಗೆ ದೊರೆಯುವುದು ಅಷ್ಟೇ ಕಾಲವಾದುದರಿಂದ, ಆ ಅರ್ಧ ದಿವಸವನ್ನು ಹೇಗೆ ಕಳೆಯಬೇಕೆಂದು ವಿಚಾರಿಸುವುದು ವ್ಯರ್ಥವಾಗಲಾರದು. ಹೀಗೆ ಬರುವವರಿಗಾಗಿಯೇ ಆ ಊರಿನಲ್ಲಿ ಒಂದು ಪದ್ಧತಿ ಬೆಳೆದುನಿಂತಿದೆ. ಸೂರ್ಯೋದಯದ ಹೊತ್ತಿಗೆ ತಾಜಮಹಲು, ಅಲ್ಲಿಂದ ಆಗ್ರಾ ಕೋಟೆ, ಕೊನೆಗೆ ಅಮೃತಶಿಲೆಯ ಸಾಮಾನುಗಳ ಒಂದು ದೊಡ್ಡ ಮಳಿಗೆ. ಇವುಗಳ ನಡುವೆ ಕಥೆ ಹೇಳುತ್ತ ಕರೆದೊಯ್ಯಲು ಎದೆಯ ಮೇಲೆ ಸರಕಾರದ ಗುರುತುಚೀಟಿ ತೂಗಿಕೊಂಡ ಒಬ್ಬ ಗೈಡು. ಗುರುತುಚೀಟಿ ಇಲ್ಲದೆಯೇ ಬೆನ್ನುಹತ್ತಿ ಬರುವವರೂ ಇದ್ದಾರೆ. ಅವರನ್ನು ಊರಿನವರು ‘ಲಪ್ಕಾ’ ಎಂದು ಕರೆಯುತ್ತಾರೆ. ಅವರ ಕೈಗೆ ಸಿಕ್ಕಿದ ಪ್ರವಾಸಿಗೆ ಸ್ಮಾರಕಗಳಿಗಿಂತ ಅಂಗಡಿಗಳೇ ಹೆಚ್ಚಾಗಿ ಕಾಣಸಿಗುತ್ತವೆ.

ಈ ಪದ್ಧತಿಯಲ್ಲಿ ನನಗೆ ತೋರುವ ದೊಡ್ಡ ಕೊರತೆಯೆಂದರೆ, ಇದರ ಆರಂಭವೇ ಶಿಖರದಿಂದ ಆಗುವುದು. ತಾಜಮಹಲನ್ನು ಮೊದಲು ನೋಡಿದವನ ಕಣ್ಣಿಗೆ ಆಮೇಲೆ ಬೇರೆ ಯಾವುದೂ ಹತ್ತುವುದಿಲ್ಲ. ಅಷ್ಟೇ ಅಲ್ಲದೆ, ಯಾವ ವಿದ್ಯೆಯ ಪರಿಪಾಕ ಅಲ್ಲಿದೆಯೋ ಆ ವಿದ್ಯೆಯ ಪರಿಚಯವೇ ಇಲ್ಲದೆ ನೋಡುವುದರಿಂದ, ಬೆಳ್ಳಗೆ ದೊಡ್ಡದಾಗಿರುವ ಒಂದು ಗುಮ್ಮಟ ಕಂಡಿತೆಂಬುದರ ಹೊರತು ಮತ್ತೇನೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದುದರಿಂದ ಬೆಳಕು ಹರಿಯುತ್ತಲೇ ಗಾಡಿಯವನಿಗೆ ಹೇಳಿ ಯಮುನೆಯ ಸೇತುವೆಯನ್ನು ದಾಟಿ, ನದಿಯ ಎಡದಡದಲ್ಲಿರುವ ಇತಿಮಾದ್-ಉದ್-ದೌಲನ ಸಮಾಧಿಗೆ ಮೊದಲು ಹೋಗುವುದು ಲೇಸು. “ಬಾಬೂಜೀ, ತಾಜ್‌ನಲ್ಲಿ ಜನ ಸೇರಿಬಿಡುತ್ತಾರೆ, ಆಮೇಲೆ ನನ್ನನ್ನು ದೂರಬೇಡಿ” ಎಂದು ಗೈಡು ಗೊಣಗಿಕೊಳ್ಳುವನು. ಗೊಣಗಿಕೊಳ್ಳಲಿ. ಆ ಹೊತ್ತಿನಲ್ಲಿ ಇಲ್ಲಿ ತೋಟದ ಮಾಲಿಗಳು, ಅಳಿಲುಗಳು, ಮಂಗಗಳು ಬಿಟ್ಟರೆ ಹೆಚ್ಚು ಮಂದಿ ಇರುವುದಿಲ್ಲ.

ಇತಿಮಾದ್-ಉದ್-ದೌಲ ಎಂಬುದು ಬಿರುದು. ಆತನ ಹೆಸರು ಮಿರ್ಜಾ ಘಿಯಾಸ್ ಬೇಗ್. ಪಾರಸಿಕ ದೇಶದಲ್ಲಿ ದೈವ ಮುನಿದು, ಅಕ್ಬರನ ಆಶ್ರಯವನ್ನು ಅರಸಿ ಹೊರಟ ಈ ಕುಟುಂಬಕ್ಕೆ ದಾರಿಯ ನಡುವೆ, ಕಂದಹಾರಿನಲ್ಲಿ, 1577ರಲ್ಲಿ ಹುಟ್ಟಿದ ಹೆಣ್ಣುಮಗುವೇ ಮುಂದೆ ಜಹಾಂಗೀರನ ಕೈಹಿಡಿದು ನೂರ್‌ಜಹಾನ್ ಎನಿಸಿದಳು. ಮಗ ಆಸಫ್ ಖಾನನ ಮಗಳು ಅರ್ಜುಮಂದ್ ಬಾನು, ರಾಜಕುಮಾರ ಖುರ್ರಮನನ್ನು ವರಿಸಿ, ಆತ ಷಹಜಹಾನನಾಗಿ ಪಟ್ಟವೇರಿದಾಗ ಮುಮ್ತಾಜ್ ಮಹಲ್ ಎಂಬ ಹೆಸರಿನಿಂದ ಪ್ರಸಿದ್ಧಳಾದಳು. ಅಂದರೆ ಈ ದಡದಲ್ಲಿ ಮಲಗಿರುವುದು ಅಜ್ಜ ಅಜ್ಜಿ, ಆ ದಡದಲ್ಲಿ ಮೊಮ್ಮಗಳು. ಒಂದೇ ಮನೆತನದ ಎರಡು ಗೋರಿಗಳನ್ನು ನೋಡುತ್ತಿದ್ದೇವೆಂಬ ಅರಿವು ಪ್ರವಾಸಿಗೆ ಇದ್ದರೆ, ಚರಿತ್ರೆಯ ಪುಸ್ತಕದಲ್ಲಿ ಚದರಿಹೋಗಿರುವ ಹೆಸರುಗಳೆಲ್ಲ ಒಂದು ಸಂಸಾರದೊಳಗಿನ ಸಂಬಂಧಗಳಾಗಿ ಕೂಡಿಬರುತ್ತವೆ.

ತಾಯಿ ಅಸ್ಮತ್ ಬೇಗಂ 1621ರಲ್ಲಿಯೂ ತಂದೆ ಮರುವರ್ಷವೂ ತೀರಿಕೊಂಡ ಮೇಲೆ, 1622ರಿಂದ 1628ರವರೆಗೆ, ಈ ಸಮಾಧಿಯನ್ನು ಕಟ್ಟಿಸಿದವಳು ನೂರ್‌ಜಹಾನ್. ಅದಕ್ಕೆ ಹಿಂದಿನ ಮೊಗಲರ ದೊಡ್ಡ ಸಮಾಧಿಗಳು, ದೆಹಲಿಯ ಹುಮಾಯೂನನದಾಗಲಿ ಸಿಕಂದರಾದ ಅಕ್ಬರನದಾಗಲಿ, ಬಹುಮಟ್ಟಿಗೆ ಕೆಂಪುಕಲ್ಲಿನ ಮೈಯುಳ್ಳವು. ಇಲ್ಲಿ ಮೈಯೆಲ್ಲ ಅಮೃತಶಿಲೆ, ಅದರ ಮೇಲೆ ಅಂಗೈಯಗಲವೂ ಬರಿದು ಬಿಡದಂತೆ ಬಣ್ಣಬಣ್ಣದ ಕಲ್ಲುಗಳ ಕುಂದಣಿಕೆ. ಗುಮ್ಮಟವಿಲ್ಲ; ಮೇಲಂತಸ್ತಿನಲ್ಲಿ ಜಾಲಂಧ್ರಗಳಿಂದ ಆವೃತವಾದ ಒಂದು ಚೌಕ ಮಂಟಪವಿದೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗಿಡ್ಡ ಮಿನಾರುಗಳಿವೆ. ಗೋಡೆಯ ಮೇಲೆ ಸರುವಿನ ಮರಗಳು, ಹೂದಾನಿಗಳು, ಹಣ್ಣಿನ ತಟ್ಟೆಗಳು, ಉದ್ದ ಕೊರಳಿನ ಮದ್ಯದ ಹೂಜಿಗಳು ಸಹ ಇವೆ. ಗೋರಿಯ ಮೇಲೆ ಹೂಜಿಯೇಕೆಂದು ಹುಬ್ಬೇರಿಸುವವರಿಗೆ, ಪಾರಸಿಕ ಕವಿಗಳ ಸ್ವರ್ಗದಲ್ಲಿ ಅದಕ್ಕೂ ಒಂದು ಸ್ಥಾನವಿದೆಯೆಂದು ಗೈಡು ಸಮಾಧಾನ ಹೇಳುತ್ತಾನೆ. ಈ ಒಂದು ಸಂದರ್ಭದಲ್ಲಿ ಆತನ ಮಾತು ನಂಬತಕ್ಕದ್ದೇ.

ಈ ಕೆಲಸಕ್ಕೆ ಆಗ್ರಾದಲ್ಲಿ ಪಚ್ಚೀಕಾರಿ ಎಂದು ಹೆಸರು. ಅಕೀಕು, ಯಶಬು, ಬದಕ್ಷಾನಿನಿಂದ ಬರುವ ನೀಲವರ್ಣದ ಲಾಜವರ್ದಿ, ಪೇರೋಜ ಮೊದಲಾದ ಕಲ್ಲುಗಳನ್ನು ತೆಳುವಾಗಿ ಸೀಳಿ, ಸಾಣೆಯ ಚಕ್ರದ ಮೇಲೆ ಉಜ್ಜಿ, ಒಂದೊಂದು ದಳಕ್ಕೂ ಎಲೆಗೂ ತಕ್ಕ ಆಕಾರ ಬರಿಸುತ್ತಾರೆ. ಬಿಳಿಯ ಕಲ್ಲಿನ ಮೇಲೆ ಗೀಟು ಎದ್ದು ಕಾಣುವುದಿಲ್ಲವಾದುದರಿಂದ ಮೊದಲು ಅದಕ್ಕೆ ಕೆಂಬಣ್ಣ ಬಳಿದು, ಸಿದ್ಧವಾದ ಚೂರನ್ನು ಅದರ ಮೇಲಿಟ್ಟು ಸುತ್ತಲೂ ಮೊನೆಯಿಂದ ಗೀರಿ, ಆ ಗೀರಿನೊಳಗಿನ ಅಮೃತಶಿಲೆಯನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆದು, ಅಂಟಿನಿಂದ ಚೂರನ್ನು ಕೂರಿಸಿ, ಕಡೆಗೆ ಮೇಲ್ಮೈಯನ್ನು ಉಗುರಿಗೂ ಸಂದು ತಾಗದಂತೆ ನಯಗೊಳಿಸುತ್ತಾರೆ. ಕಲ್ಲಿಗೆ ತಕ್ಕಂತೆ ಗುಂಡಿಯೇ ಹೊರತು ಗುಂಡಿಗೆ ತಕ್ಕಂತೆ ಕಲ್ಲಲ್ಲ ಎಂಬುದನ್ನು ನೋಡುವವನು ಗಮನಿಸಬೇಕು. ಏಕೆಂದರೆ ಆ ಗಟ್ಟಿಯಾದ ಹರಳುಕಲ್ಲನ್ನು ಇನ್ನೊಮ್ಮೆ ತಿದ್ದುವುದಕ್ಕಿಂತ ಮೆದುವಾದ ಅಮೃತಶಿಲೆಯನ್ನು ತೋಡುವುದು ಸುಲಭ.

ಒಳಗೆ, ನಡುಮನೆಯಲ್ಲಿ, ಎರಡು ಗೋರಿಗಳಿವೆ. ಸರಿಯಾಗಿ ಮಧ್ಯದಲ್ಲಿರುವುದು ಮೊದಲು ಗತಿಸಿದ ಅಸ್ಮತ್ ಬೇಗಮಳದು. ಗಂಡನದು ಅದರ ಪಕ್ಕಕ್ಕೆ, ಪಶ್ಚಿಮದಲ್ಲಿ. ಇದನ್ನು ನೆನಪಿನಲ್ಲಿಟ್ಟುಕೊಂಡು ಹೊಳೆಯನ್ನು ಮರಳಿ ದಾಟಬೇಕು.

ಕೋಟೆಯ ವಿಷಯವನ್ನು ನಾನು ಸಂಕ್ಷೇಪವಾಗಿ ಹೇಳುತ್ತೇನೆ. ಅದಕ್ಕೆ ಅರ್ಧ ದಿವಸದ ಒಂದು ಪಾಲು ಸಾಲದು, ಅದರಲ್ಲಿ ಬಹುಭಾಗ ಸೈನ್ಯದ ವಶದಲ್ಲಿದ್ದು ಪ್ರವಾಸಿಗೆ ಪ್ರವೇಶವೂ ಇಲ್ಲ. 1565ರಲ್ಲಿ ಅಕ್ಬರನು ಹಳೆಯ ಇಟ್ಟಿಗೆಯ ಕೋಟೆಯಿದ್ದೆಡೆಯಲ್ಲಿ ಕೆಂಪುಕಲ್ಲಿನಿಂದ ಕಟ್ಟಿಸಲಾರಂಭಿಸಿದ ಈ ದುರ್ಗಕ್ಕೆ ಅಮರಸಿಂಹ ದ್ವಾರದಿಂದ ಒಳಹೊಕ್ಕರೆ, ಜಹಾಂಗೀರಿ ಮಹಲಿನ ಮುಂದೆ ಒಂದೇ ಕಲ್ಲಿನಲ್ಲಿ ಕೊರೆದ ದೊಡ್ಡ ಸ್ನಾನದ ತೊಟ್ಟಿ ಕಾಣುತ್ತದೆ. ದರ್ಬಾರಿನ ಅಂಗಳದ ನಟ್ಟನಡುವೆ, 1857ರ ದಂಗೆಯ ಕಾಲದಲ್ಲಿ ಇಲ್ಲಿಯೇ ಅಸುನೀಗಿದ ಕಾಲ್ವಿನ್ ಎಂಬ ಆಂಗ್ಲ ಅಧಿಕಾರಿಯ ಗೋರಿ, ಕರೆಯದೆ ಬಂದ ಅತಿಥಿಯಂತೆ, ಈಗಲೂ ಕುಳಿತಿದೆ. 1666ರ ಮೇ ತಿಂಗಳಲ್ಲಿ ಔರಂಗಜೇಬನ ಸಮ್ಮುಖಕ್ಕೆ ಬಂದ ಶಿವಾಜಿಯು ತನಗೆ ತಕ್ಕ ಮನ್ನಣೆ ದೊರೆಯದೆ ಕೆರಳಿದುದು ಈ ಕೋಟೆಯಲ್ಲಿಯೇ.

ನಮ್ಮ ಎಳೆಗೆ ಬೇಕಾದುದು ನದಿಯ ಕಡೆಗೆ ಚಾಚಿಕೊಂಡಿರುವ ಮುಸಮ್ಮನ್ ಬುರ್ಜು ಎಂಬ ಎಂಟು ಮೂಲೆಯ ಗೋಪುರ. 1658ರಲ್ಲಿ ಮಗನಿಂದ ಸೆರೆಯಾದ ಷಹಜಹಾನನು 1666ರಲ್ಲಿ ಮೃತನಾಗುವವರೆಗೂ ಮಗಳು ಜಹಾನಾರಾಳ ಆರೈಕೆಯಲ್ಲಿ ಈ ಕೋಟೆಯೊಳಗೆಯೇ ದಿನ ಕಳೆದನು. ಇಲ್ಲಿ ಗೈಡುಗಳ ಕಂಠ ತಾನಾಗಿಯೇ ಗದ್ಗದವಾಗುತ್ತದೆ. ಆತ ಹಾಸಿಗೆಯಲ್ಲಿಯೇ ಮಲಗಿ ಒಂದು ಹರಳಿನಲ್ಲಿ ತಾಜಿನ ಪ್ರತಿಬಿಂಬ ಕಾಣುತ್ತಿದ್ದನೆಂದು ಹೇಳದೆ ಬಿಡುವುದಿಲ್ಲ. ಅದನ್ನು ಅವರಿಗೆ ಬಿಟ್ಟು, ಕಂಬಗಳ ಬಳಿ ಬಗ್ಗಿ ನೋಡುವುದು ಮೇಲು. ಕೈಗೆ ಎಟಕುವಷ್ಟು ಎತ್ತರದವರೆಗೆ ಹೂಗಳ ದಳಗಳನ್ನು ಯಾರುಯಾರೋ ಕಿತ್ತುಕೊಂಡು ಹೋಗಿದ್ದಾರೆ. ದಳವಿದ್ದೆಡೆ ದಳದ ಆಕಾರದ ಗುಳಿ ಮಾತ್ರ ಉಳಿದಿದೆ. ಬೆರಳ ತುದಿಯಿಟ್ಟರೆ ತಳ ತಕ್ಷಣ ಸಿಗುವಷ್ಟು ಅದು ಆಳವಿಲ್ಲದ್ದು, ಅಂಚು ಮಾತ್ರ ಈಗ ತಾನೆ ತೋಡಿದಷ್ಟು ಚೂಪು. ಪೂರ್ಣವಾದ ಹೂವು ಮರೆಮಾಡಿದ್ದ ಕೆಲಸವನ್ನು ಕಳ್ಳನ ಕೈ ಹೊರಗೆಡಹಿದೆ.

ಇನ್ನು ತಾಜು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟವರು ರಾಯಚೂರು, ಸೊಲ್ಲಾಪುರ, ಭುಸಾವಳಗಳನ್ನು ದಾಟಿ, ತಾಪಿ ನದಿಯ ತೀರದ ಬುರ್ಹಾನಪುರವನ್ನು ಹಾದು ಆಗ್ರಾ ಸೇರುತ್ತಾರೆ. ದಖ್ಖನಿನ ದಂಡಯಾತ್ರೆಯ ನಿಮಿತ್ತ ಗಂಡನೊಡನೆ ಆ ಬುರ್ಹಾನಪುರದಲ್ಲಿದ್ದ ಮುಮ್ತಾಜಳು 1631ರ ಜೂನಿನಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ, ಪ್ರಾಣ ಬಿಟ್ಟಳು. ದೇಹವನ್ನು ತಾತ್ಕಾಲಿಕವಾಗಿ ತಾಪಿಯ ಆಚೆಯ ತೋಟವೊಂದರಲ್ಲಿರಿಸಿ, ವರ್ಷದ ಕೊನೆಯಲ್ಲಿ ಆಗ್ರಾಕ್ಕೆ ಒಯ್ದರು. ಆಕೆಯ ತಂದೆ ಆಸಫ್ ಖಾನನು ಅದೇ ಹೊತ್ತಿಗೆ ಸೈನ್ಯದೊಡನೆ ದಕ್ಷಿಣಕ್ಕೆ ತೆರಳಿ, ಬಿಜಾಪುರಕ್ಕೆ ಮುತ್ತಿಗೆ ಹಾಕಿ, ದವಸ ಮೇವುಗಳಿಲ್ಲದೆ ಬಳಲಿ ಬರಿಗೈಯಲ್ಲಿ ಹಿಂದಿರುಗಿದನೆಂಬುದನ್ನು ಕನ್ನಡ ನಾಡಿನವರು ತಿಳಿದಿರುವುದು ಒಳ್ಳೆಯದು. ಅಂಬೇರದ ರಾಜಾ ಜಯಸಿಂಹನ ಸ್ವತ್ತಾಗಿದ್ದ ನಿವೇಶನವನ್ನು ಬೇರೆ ನಾಲ್ಕು ಹವೇಲಿಗಳಿಗೆ ಬದಲಾಗಿ ಪಡೆದು, 1632ರಲ್ಲಿ ಕೆಲಸ ಆರಂಭಿಸಿದರು; ಮಕ್ರಾನದಿಂದ ಅಮೃತಶಿಲೆ ಬಂದಿತು; ಶಿಲ್ಪಿ ಲಾಹೋರಿನ ಉಸ್ತಾದ್ ಅಹ್ಮದನೆಂಬುದು ವಿದ್ವಾಂಸರ ಬಹುಮತ. ತೋಟ, ಮಸೀದಿ, ಅತಿಥಿಶಾಲೆಗಳೆಲ್ಲ ಸೇರಿ ಮುಗಿಯುವ ಹೊತ್ತಿಗೆ 1653 ಆಗಿತ್ತು. ಮಹಾದ್ವಾರದ ಮೇಲೆ ಇಪ್ಪತ್ತೆರಡು ಪುಟ್ಟ ಗುಮ್ಮಟಗಳಿರುವುದು ಈ ಇಪ್ಪತ್ತೆರಡು ವರ್ಷಗಳ ಗುರುತೆಂದು ಎಲ್ಲ ಗೈಡುಗಳೂ ಹೇಳುತ್ತಾರೆ. ಕೇಳುವುದಕ್ಕೆ ಇಂಪಾಗಿದೆ, ಆದರೆ ದ್ವಾರವನ್ನು ಕಟ್ಟುವಾಗಲೇ ಒಟ್ಟು ಕೆಲಸ ಮುಗಿಯುವ ವರ್ಷ ಅವರಿಗೆ ಹೇಗೆ ಗೊತ್ತಿತ್ತೋ!

ಕೆಲಸಗಾರರ ಕೈ ಕಡಿಸಿದ ಕಥೆಗೂ ಆಧಾರವಿಲ್ಲ. 1639ರಿಂದ ದೆಹಲಿಯಲ್ಲಿ ಷಹಜಹಾನಾಬಾದಿನ ಹೊಸ ನಗರವನ್ನೂ ಕೆಂಪುಕೋಟೆಯನ್ನೂ ಕಟ್ಟಿಸತೊಡಗಿದ್ದ ದೊರೆಗೆ ಅಂಥ ಕೈಗಳ ಅಗತ್ಯ ತುಂಬ ಇತ್ತು. ನದಿಯಾಚೆ ಕಪ್ಪು ತಾಜನ್ನು ಕಟ್ಟಿಸಹೊರಟಿದ್ದನೆಂಬ ಕಥೆಗೆ ಮೂಲ ಟಾವೆರ್ನಿಯೇ ಎಂಬ ಫ್ರೆಂಚ್ ರತ್ನವ್ಯಾಪಾರಿಯ ಬರಹ. ಆಚೆಯ ಮೆಹತಾಬ್ ಬಾಗಿನಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ದೊರೆತದ್ದು ಎಂಟು ಮೂಲೆಯ ದೊಡ್ಡ ಕೊಳ, ತಾಜಿನ ನೆರಳು ಬೀಳುವ ನೀರಿನ ಏರ್ಪಾಡು.

ಸಮಾಧಿಯ ಒಳಗೆ ಹೋಗಲು ಈಗ ಪ್ರತ್ಯೇಕ ಟಿಕೆಟ್ಟು, ಕಾಲಿಗೆ ಬಟ್ಟೆಯ ಕವಚ. ಕಾವಲಿನವರು ನಿಲ್ಲಲು ಬಿಡುವುದಿಲ್ಲ. ಆದುದರಿಂದ ಏನು ನೋಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಬಾಗಿಲಿನ ಸುತ್ತಣ ಕುರಾನಿನ ಅಕ್ಷರಗಳು ಬರೆದುವಲ್ಲ, ಅವೂ ಕಪ್ಪು ಕಲ್ಲಿನ ಪಚ್ಚೀಕಾರಿಯೇ. ಅವುಗಳನ್ನು ರಚಿಸಿದ ಷೀರಾಜಿನ ಅಮಾನತ್ ಖಾನನು ಒಳಗೆ ತನ್ನ ಅಂಕಿತವನ್ನು ಹಾಕಿಕೊಂಡಿದ್ದಾನೆ, ಆ ಭಾಗ್ಯ ಶಿಲ್ಪಿಗೂ ಇಲ್ಲ. ಗೋರಿಗಳ ಸುತ್ತ ಮೊದಲಿದ್ದ ಚಿನ್ನದ ಕಟಕಟೆಯನ್ನು ತೆಗೆದು 1643ರಲ್ಲಿ ಇರಿಸಿದ ಅಮೃತಶಿಲೆಯ ಜಾಲರಿಯ ಅಂಚಿನಲ್ಲಿ, ಗೈಡು ತನ್ನ ಪುಟ್ಟ ಟಾರ್ಚನ್ನು ಒಂದು ಹೂವಿಗೆ ಒತ್ತಿ ಹಿಡಿಯುತ್ತಾನೆ: ಸುತ್ತಣ ಕಲ್ಲು ಮೇಣದಂತೆ ಬೆಳಗಿ, ಅಕೀಕಿನ ದಳ ಕೆಂಡವಾಗುತ್ತದೆ, ಪಕ್ಕದ ನೀಲಿ ಮಾತ್ರ ಬೆಳಕನ್ನು ಒಳಗೆ ಬಿಡದೆ ಕಪ್ಪಾಗಿಯೇ ಉಳಿಯುತ್ತದೆ. ಒಂದೇ ಹೂವಿನಲ್ಲಿ ಹತ್ತಾರು ಚೂರುಗಳು, ಬಣ್ಣ ತಿಳಿಯಾಗುತ್ತ ಹೋಗುವಂತೆ ಒಂದೇ ಬಗೆಯ ಕಲ್ಲಿನ ಬೇರೆಬೇರೆ ಛಾಯೆಗಳು. ಅಜ್ಜನ ಸಮಾಧಿಯ ಹೊರಗೋಡೆಯಲ್ಲಿ ಗೆರೆ ಚೌಕಗಳಲ್ಲಿಯೇ ಹೆಚ್ಚಾಗಿ ಆಡುತ್ತಿದ್ದ ಈ ವಿದ್ಯೆ ಇಲ್ಲಿಗೆ ಬರುವ ವೇಳೆಗೆ ಬಳ್ಳಿಯಂತೆ ಬಳುಕುವುದನ್ನು ಕಲಿತಿದೆ.

ಮಧ್ಯದಲ್ಲಿರುವುದು ಮುಮ್ತಾಜಳ ಗೋರಿ, ಪಶ್ಚಿಮಕ್ಕೆ ಷಹಜಹಾನನದು. ಇಡೀ ಕಟ್ಟಡದ ಸಮತೆಯನ್ನು ಕೆಡಿಸಿದ್ದು ಇದೊಂದೇ, ಹಣ ಉಳಿಸಲು ಮಗ ಹೀಗೆ ಮಾಡಿದನೆಂದು ಗೈಡು ಔರಂಗಜೇಬನ ಮೇಲೆ ಹರಿಹಾಯುತ್ತಾನೆ. ಬೆಳಗ್ಗೆ ಹೊಳೆಯಾಚೆ ಅಸ್ಮತ್ ಬೇಗಂ ಮತ್ತು ಘಿಯಾಸ್ ಬೇಗರನ್ನು ನೋಡಿ ಬಂದವನು ಇದನ್ನು ಸುಲಭವಾಗಿ ಒಪ್ಪಲಾರ. ಮೊದಲು ಹೋದ ಹೆಂಡತಿ ಮಧ್ಯದಲ್ಲಿ, ಆಮೇಲೆ ಬಂದ ಗಂಡ ಪಶ್ಚಿಮದ ಪಕ್ಕದಲ್ಲಿ: ಆ ಮನೆತನದಲ್ಲಿ ಈ ಏರ್ಪಾಡಿಗೆ ನಲವತ್ತು ವರ್ಷ ಹಿಂದಿನ ಮಾದರಿಯೊಂದಿತ್ತು.

ಮೇಲಿನ ಗುಮ್ಮಟದಲ್ಲಿ ಜನರ ಗದ್ದಲ ಒಂದೇ ನಾದವಾಗಿ ಸುತ್ತುತ್ತಿರುತ್ತದೆ. ಹೆಚ್ಚುಕಡಿಮೆ ಇದೇ ಕಾಲದಲ್ಲಿ ಏಳುತ್ತಿದ್ದ ಬಿಜಾಪುರದ ಗೋಲಗುಮ್ಮಟವನ್ನು ಕಂಡವರಿಗೆ ಈ ನಾದ ಅಪರಿಚಿತವಲ್ಲ. ಆದರೆ ಅಲ್ಲಿ ಒಳಗೆ ನಿಂತು ನೋಡುವ ಗುಮ್ಮಟವೇ ಹೊರಗೂ ಕಾಣುವುದು, ಇಲ್ಲಿ ಹೊರಗಿನ ಉಬ್ಬಿದ ಗುಮ್ಮಟದ ಅಡಿಯಲ್ಲಿ ಒಳಗಿನದು ಬೇರೆಯೇ ಇದ್ದು, ನಡುವೆ ದೊಡ್ಡ ಪೊಳ್ಳಿದೆ. ನಿರಾಭರಣವಾದ ಆ ಸಾಹಸವೇ ನನಗೆ ಒಂದೊಂದು ವೇಳೆ ಹೆಚ್ಚು ಮೆಚ್ಚಾಗುವುದೂ ಉಂಟು.

ಶುಕ್ರವಾರ ತಾಜಿಗೆ ಬೀಗ. ಇತರ ದಿನಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿತವಾಗಿ ತೆರೆಯುತ್ತಾರೆ. ಹೊಗೆಯುಗುಳುವ ವಾಹನಗಳನ್ನು ದೂರದಲ್ಲಿಯೇ ತಡೆಯುವುದರಿಂದ ಬಾಗಿಲವರೆಗೆ ಬ್ಯಾಟರಿ ಗಾಡಿಯಲ್ಲಿಯೋ ನಡೆದೋ ಹೋಗಬೇಕು. ಕಲ್ಲು ಹಳದಿಗಟ್ಟಿದಾಗ ಮುಲ್ತಾನಿ ಮಣ್ಣನ್ನು ಮೆತ್ತಿ, ಒಣಗಿದ ಮೇಲೆ ತೊಳೆಯುತ್ತಾರೆ. ಆ ಕೆಲಸ ನಡೆದಿದ್ದರೆ ಅಟ್ಟಣಿಗೆಗಳು ಅಡ್ಡ ಬಂದಾವು.

ಉಳಿದದ್ದು ಮಳಿಗೆ. ಗೈಡಿಗೆ ಅಲ್ಲಿ ದಲ್ಲಾಳಿಯ ಪಾಲಿದೆಯೆಂಬುದು ಬಹಿರಂಗ. ಆದರೂ ಹೋಗಬಾರದೆಂದು ನಾನು ಹೇಳುವುದಿಲ್ಲ, ಏಕೆಂದರೆ ಬಾಗಿಲಲ್ಲಿ ನೆಲದ ಮೇಲೆ ಕುಳಿತು ಸಾಣೆಯ ಚಕ್ರ ತಿರುಗಿಸುವ ಕೆಲಸಗಾರನನ್ನು ಹತ್ತಿರದಿಂದ ನೋಡಲು ಅದೊಂದು ಅವಕಾಶ. ಆತನ ಉಗುರುಗಳು ಸವೆದು, ಬೆರಳ ತುದಿ ಬಿಳಿಯ ಹುಡಿಯಿಂದ ಬಿರಿದಿರುತ್ತದೆ. ಸಾಸಿವೆಗಿಂತ ತುಸು ದೊಡ್ಡ ಎಲೆಯನ್ನು ಚಕ್ರಕ್ಕೆ ಹಿಡಿದು, ತೆಗೆದು ನೋಡಿ, ಮತ್ತೆ ಹಿಡಿಯುತ್ತಾನೆ. ಕೊಳ್ಳುವುದಿದ್ದರೆ ತಾಜಗಂಜಿನ ಗಲ್ಲಿಗಳಲ್ಲಿ, ಕೆಲಸ ನಡೆಯುವ ಮನೆಗಳಲ್ಲಿಯೇ ವಿಚಾರಿಸಬಹುದು. ಅಮೃತಶಿಲೆಯೆಂದು ಹೇಳಿ ಬೀದಿಯಲ್ಲಿ ಅಗ್ಗಕ್ಕೆ ಮಾರುವ ಡಬ್ಬಿಗಳಲ್ಲಿ ಬಹಳಷ್ಟು ಬಳಪದ ಕಲ್ಲಿನವು. ಬೇಲೂರು ಹಳೇಬೀಡುಗಳ ನಾಡಿನವರಿಗೆ ಆ ಕಲ್ಲಿನ ಮೇಲೆ ತಾತ್ಸಾರವಿರಬೇಕಾದ ಕಾರಣವೇನೂ ಇಲ್ಲ. ಆದರೆ ಬೆಲೆ ಮಾತ್ರ ಮಕ್ರಾನದ್ದನ್ನು ಕೊಡಬಾರದು. ಡಬ್ಬಿಯ ತಳದಲ್ಲಿ ಉಗುರಿನಿಂದ ಗೀರಿದಾಗ ಗೆರೆ ಬಿದ್ದರೆ ಅದು ಬಳಪ, ಬೀಳದಿದ್ದರೆ ಚೌಕಾಸಿಗೆ ಇಳಿಯಬಹುದು.